ಗುಡ್ಡ ಕೊನೆಗೆ ಬರುತ್ತದೆ: ಗೆಳೆಯರ ಜೊತೆ ಶ್ರೀಶೈಲಕ್ಕೆ ನಡೆಯುವವರಿಗೆ

ಯುಗಾದಿ ಹತ್ತಿರ ಬಂದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಊರೂರಲ್ಲಿ ಶ್ರೀಶೈಲದ ಮಾತು ಶುರುವಾಗುತ್ತದೆ. ಕಂಬಿ (ಶ್ರೀಶೈಲದ ಮಲ್ಲಯ್ಯ, ಅಂದರೆ ಮಲ್ಲಿಕಾರ್ಜುನನ ಹೆಸರಲ್ಲಿ ಹೆಗಲ ಮೇಲೆ ಹೊತ್ತು ನಡೆಯುವ ಕಾವಡಿ) ಯಾವತ್ತು ಹೊರಡುತ್ತದೆ, ಈ ಸಲ ಯಾರ್‍ಯಾರು ಬರುತ್ತಾರೆ, ಸಾಮಾನಿಗೆ ಗಾಡಿ ಯಾರದು. ಆ ಮಾತು ಕೇಳಿ ನಿಮಗೂ ನಿಮ್ಮ ಗೆಳೆಯರಿಗೂ ಈ ಸಲ ನಡೆದೇ ಹೋಗಬೇಕು ಅನ್ನಿಸಿದ್ದರೆ ಈ ಬರಹ ನಿಮಗೆ.

ಬಾಗಲಕೋಟೆಯಿಂದ ಶ್ರೀಶೈಲಕ್ಕೆ ಸುಮಾರು 400 ಕಿಲೋಮೀಟರ್. ಬೆಳಗಾವಿ ಕಡೆಯವರಿಗೆ ಇನ್ನೂ ಜಾಸ್ತಿ. ಇದರಲ್ಲಿ ಬಹುಪಾಲು ಡಾಂಬರು ರಸ್ತೆ. ಆಂಧ್ರದ ಆತ್ಮಕೂರು ದಾಟಿ ವೆಂಕಟಾಪುರಂ ಸೇರಿದ ಮೇಲೆ ಸುಮಾರು 40 ಕಿಲೋಮೀಟರ್ ನಲ್ಲಮಲ ಕಾಡಿನ ಗುಡ್ಡದ ದಾರಿ. ಏರು, ಇಳುಕಲು, ಕಲ್ಲು, ಮೆಟ್ಟಿಲು ಎಲ್ಲ ಇರುವುದು ಇಲ್ಲೇ. ಹತ್ತು ಹನ್ನೆರಡು ದಿನ ನಡೆದು ಕಾಲು ದಣಿದ ಮೇಲೆ ಗುಡ್ಡ ಎದುರಿಗೆ ನಿಲ್ಲುತ್ತದೆ. ಅದಕ್ಕೇ ತಯಾರಿಯ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು. ವೆಂಕಟಾಪುರಂಗೆ ಗಟ್ಟಿ ಪಾದ, ನೆಟ್ಟಗಿನ ಮೊಣಕಾಲು ಇಟ್ಟುಕೊಂಡು ಮುಟ್ಟಬೇಕು. ಮುಂದೆ ಹೇಳುವ ಎಲ್ಲವೂ ಈ ಒಂದು ಕೆಲಸಕ್ಕಾಗಿ.

ಎರಡು ತಿಂಗಳು ಮೊದಲು: ಜೊತೆಗಾರರು

ಆರರಿಂದ ಎಂಟು ಜನ ಸರಿಯಾದ ಗುಂಪು. ಇಬ್ಬರೇ ಹೋದರೆ ಒಬ್ಬನಿಗೆ ಜ್ವರ ಬಂದಾಗ ಇನ್ನೊಬ್ಬ ಒಂಟಿ. ಇಪ್ಪತ್ತು ಜನವಾದರೆ ಒಬ್ಬರಿಗೊಬ್ಬರು ಕಣ್ಣಿಗೇ ಬೀಳುವುದಿಲ್ಲ. ಮೊದಲ ಸಲ ಹೋಗುವವರು ಊರಿನ ಕಂಬಿಯ ಜೊತೆ ಹೋಗುವುದು ಒಳ್ಳೆಯದು. ವರ್ಷ ವರ್ಷ ಹೋಗುವ ಹಿರಿಯರಿಗೆ ಯಾವ ಊರಿನ ಗುಡಿಯಲ್ಲಿ ಮಲಗಲು ಜಾಗ ಸಿಗುತ್ತದೆ, ಎಲ್ಲಿ ನೀರು ಚೆನ್ನಾಗಿದೆ ಎಂದು ಗೊತ್ತಿರುತ್ತದೆ. "ತಮ್ಮಾ, ಅವಸರ ಮಾಡಬ್ಯಾಡ, ದಾರಿ ಎಲ್ಲೂ ಓಡಿಹೋಗಾಂಗಿಲ್ಲ" ಎಂದು ಕಾಕಾ ಒಬ್ಬರು ಹೇಳಿದರೆ ಕೇಳಿ. ಅದು ನೂರಾರು ಹರದಾರಿ ನಡೆದ ಕಾಲಿನ ಮಾತು.

ಹೊರಡುವ ಮೊದಲೇ ಒಂದು ಸಂಜೆ ಎಲ್ಲರೂ ಕೂತು ಮೂರು ಮಾತು ಬಗೆಹರಿಸಿಕೊಳ್ಳಿ. ಒಂದು, ವೇಗ ಯಾರದು? ಎಲ್ಲರಿಗಿಂತ ನಿಧಾನ ನಡೆಯುವವನದು. ಅವನನ್ನು ಮುಂದೆ ಬಿಡಿ, ಜೋರಾಗಿ ನಡೆಯುವವನು ಹಿಂದೆ ಬರಲಿ. ಎರಡು, ಯಾರಿಗಾದರೂ ಆಗುವುದಿಲ್ಲ ಎಂದಾದರೆ ಅವರ ಜೊತೆ ವಾಪಸ್ ಬಸ್ ಹತ್ತುವವರು ಯಾರು? ಇದನ್ನು ಊರಲ್ಲೇ ಮಾತಾಡಬೇಕು. ರಾಯಚೂರಿನ ಆಚೆ, ಬಿಸಿಲಲ್ಲಿ, ಎಲ್ಲರೂ ದಣಿದಾಗ ಈ ಮಾತು ಎತ್ತಿದರೆ ಗೆಳೆತನಕ್ಕೇ ಪೆಟ್ಟು ಬೀಳುತ್ತದೆ. ಮೂರು, ಹಣ. ಒಬ್ಬರ ಕೈಯಲ್ಲಿ ಒಟ್ಟು ಹಣ ಇರಲಿ, ದಿನಾ ರಾತ್ರಿ ಲೆಕ್ಕ ಹೇಳಲಿ.

ಈ ಮೂರರಲ್ಲಿ ಮೊದಲನೆಯದೇ ಬಹಳ ಗುಂಪುಗಳಲ್ಲಿ ತಪ್ಪುತ್ತದೆ. ಜೋರಾಗಿ ನಡೆಯುವವರು ಒಂದು ತಾಸು ಮೊದಲೇ ಹೋಗಿ ನೆರಳಲ್ಲಿ ಕಾಲು ಚಾಚಿ ಕೂರುತ್ತಾರೆ. ಹಿಂದಿನವನು ಏದುಸಿರು ಬಿಡುತ್ತಾ ಬಂದು ಮುಟ್ಟುವ ಹೊತ್ತಿಗೆ ಇವರು ಎದ್ದು ಹೊರಡುತ್ತಾರೆ. ಯಾರಿಗೆ ವಿಶ್ರಾಂತಿ ಬೇಕೋ ಅವನಿಗೆ ಮಾತ್ರ ಅದು ಸಿಗುವುದಿಲ್ಲ. ಮೂರನೇ ದಿನಕ್ಕೆ ಅವನ ಕಾಲು ಕೈ ಕೊಡುತ್ತದೆ, ಆಮೇಲೆ ಇಡೀ ಗುಂಪು ನಿಲ್ಲುತ್ತದೆ. ಹಿಂದಿನವನು ಬಂದು ಕೂತ ಮೇಲೆಯೇ ವಿಶ್ರಾಂತಿಯ ಹೊತ್ತು ಶುರುವಾಗಬೇಕು. ಇಷ್ಟು ಪಾಲಿಸಿದರೂ ಅರ್ಧ ತೊಂದರೆ ತಪ್ಪುತ್ತದೆ.

ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಈಗಲೇ ಡಾಕ್ಟರನ್ನು ನೋಡಬೇಕು. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಲ್ಲಿ ನಡೆಯುವ ಹರಕೆ ಹೊರಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಗಾಯವಾದದ್ದೇ ತಿಳಿಯುವುದಿಲ್ಲ, ಆದ ಗಾಯ ಬೇಗ ಮಾಯುವುದೂ ಇಲ್ಲ.

ಕಾಲಿಗೆ ಅಭ್ಯಾಸ

ಮೊದಲ ಎರಡು ವಾರ ದಿನಾ ಬೆಳಿಗ್ಗೆ ಐದಾರು ಕಿಲೋಮೀಟರ್. ಆಮೇಲೆ ಹತ್ತು. ಕೊನೆಯ ತಿಂಗಳು ವಾರಕ್ಕೊಮ್ಮೆ ಎರಡು ದಿನ ಸಾಲಾಗಿ ಇಪ್ಪತ್ತು ಇಪ್ಪತ್ತು ನಡೆಯಿರಿ. ಮೊದಲ ದಿನ ಎಲ್ಲರೂ ನಡೆಯುತ್ತಾರೆ. ನಿನ್ನೆಯ ನೋವು ಇಟ್ಟುಕೊಂಡು ಮರುದಿನ ಏಳುವುದು ಬೇರೆಯೇ ಅಭ್ಯಾಸ. ದೊಡ್ಡ ಯಾತ್ರೆಯಲ್ಲಿ ಬೇಕಾಗುವುದು ಅದೇ.

ಗುಡ್ಡದ ಅಭ್ಯಾಸ ಮರೆಯಬೇಡಿ. ಸಪಾಟು ರಸ್ತೆಯಲ್ಲಿ ಎಷ್ಟು ನಡೆದರೂ ಇಳಿಜಾರಿಗೆ ಮೊಣಕಾಲು ತಯಾರಾಗುವುದಿಲ್ಲ. ಬಾಗಲಕೋಟೆಯವರಿಗೆ ಬಾದಾಮಿ ಇದೆ. ಊರಿನ ಹಿಂದಿನ ಕೆಂಪು ಬಂಡೆಗಳ ಮೇಲೆ ಹತ್ತಿ, ಗುಡ್ಡದ ಮೇಲಿನ ಹಳೆಯ ಕಾಲುದಾರಿಯಲ್ಲಿ ಮಹಾಕೂಟಕ್ಕೆ ಇಳಿದು, ಪುಷ್ಕರಣಿಯ ನೀರಲ್ಲಿ ಕಾಲು ಇಳಿಬಿಟ್ಟು ಕೂತು, ಮತ್ತೆ ಅದೇ ದಾರಿ ಹಿಡಿದು ವಾಪಸ್ ಬನ್ನಿ. ಗೆಳೆಯರ ಗುಂಪಿಗೆ ಇದಕ್ಕಿಂತ ಚೆಂದದ ಅಭ್ಯಾಸ ನಮ್ಮ ಭಾಗದಲ್ಲಿ ಇನ್ನೊಂದಿಲ್ಲ. ಬೆಳಗಾವಿಯವರಿಗೆ ಯಳ್ಳೂರಿನ ರಾಜಹಂಸಗಡ, ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತಿರ. ವಿಜಯಪುರದ ಸುತ್ತ ಬಯಲೇ ಜಾಸ್ತಿ, ಹಾಗಾಗಿ ಅಲ್ಲಿನವರು ಒಂದೆರಡು ಭಾನುವಾರ ಬಾದಾಮಿಗೆ ಬರುವುದೇ ಸರಿ. ಹತ್ತುವಾಗ ಎದೆ ದಣಿಯುತ್ತದೆ, ಇಳಿಯುವಾಗ ಮೊಣಕಾಲು. ಇಳಿಯುವಾಗ ಹೆಜ್ಜೆ ಚಿಕ್ಕದಾಗಿರಲಿ, ಕೈಯಲ್ಲಿ ಕೋಲು ಇರಲಿ.

ಚಪ್ಪಲಿ, ಬೂಟಿನ ವಿಷಯ. ಯಾತ್ರೆಗೆಂದು ಹೊಸ ಬೂಟು ಕೊಂಡು ಹಿಂದಿನ ದಿನ ಬಿಚ್ಚಬೇಡಿ. ದಿನವಿಡೀ ನಡೆದರೆ ಪಾದ ಊದುತ್ತದೆ, ಹಾಗಾಗಿ ಸಂಜೆ ಹೊತ್ತು ಅಂಗಡಿಗೆ ಹೋಗಿ ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಉಳಿಯುವ ಬೂಟು ತಗೊಳ್ಳಿ. ಅದರಲ್ಲಿ ಕನಿಷ್ಠ ಒಂದು ತಿಂಗಳು ನಡೆದಿರಬೇಕು. ಜೊತೆಗೆ ಹಿಂದೆ ಪಟ್ಟಿ ಇರುವ ಒಂದು ಜೊತೆ ಚಪ್ಪಲಿ ಇಟ್ಟುಕೊಳ್ಳಿ. ಒಂದೇ ಜಾಗಕ್ಕೆ ದಿನವಿಡೀ ಒತ್ತು ಬೀಳದಂತೆ ಮಧ್ಯಾಹ್ನದ ಮೇಲೆ ಬದಲಿಸಿದರೆ ಪಾದಕ್ಕೆ ಬಹಳ ಹಿತ.

ದಿನಗಳ ಲೆಕ್ಕ, ಗಂಟಿನ ಲೆಕ್ಕ

ದಿನಕ್ಕೆ ಸರಾಸರಿ 30 ಕಿಲೋಮೀಟರ್ ಎಂದರೆ ರಸ್ತೆಗೆ 12 ದಿನ, ಕಾಡಿಗೆ ಎರಡು ದಿನ. ನಡುವೆ ಒಂದು ದಿನ ವಿಶ್ರಾಂತಿ. ಯುಗಾದಿಗೆ ಒಂದು ದಿನ ಮೊದಲು ಮುಟ್ಟಬೇಕೆಂದರೆ ಬಾಗಲಕೋಟೆಯಿಂದ 16 ದಿನ ಮೊದಲು ಹೊರಡಿ. ಯುಗಾದಿ ಮಾರ್ಚ್ ಮಧ್ಯದಲ್ಲಿ ಬಂದ ವರ್ಷ ಬೆಳಗಿನ ಹೊತ್ತು ತಂಪು ಸಿಗುತ್ತದೆ. ಏಪ್ರಿಲ್‌ನಲ್ಲಿ ಬಂದರೆ ರಾಯಚೂರು, ಕರ್ನೂಲು ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ. ಆಗ ಇನ್ನೆರಡು ದಿನ ಜಾಸ್ತಿ ಇಟ್ಟುಕೊಳ್ಳಿ.

ಎಷ್ಟೋ ಗುಂಪುಗಳು ಸಾಮಾನಿಗೆ ಟಾಟಾ ಏಸ್ ಅಥವಾ ಟ್ರ್ಯಾಕ್ಟರ್ ಜೊತೆ ಮಾಡಿಕೊಳ್ಳುತ್ತವೆ. ಅನುಕೂಲವೇ. ಆದರೆ ಕಾಡಿನ ದಾರಿಗೆ ಗಾಡಿ ಬರುವುದಿಲ್ಲ. ಅದು ಆತ್ಮಕೂರಿನಿಂದ ದೋರ್ನಾಲ ಮೇಲೆ ಸುತ್ತಿಕೊಂಡು ಶ್ರೀಶೈಲಕ್ಕೆ ಹೋಗಬೇಕು. ಅಂದರೆ ಕೊನೆಯ ಎರಡು ದಿನ ಬೆನ್ನ ಮೇಲೆ ಏನು ಹೊರುತ್ತೀರೋ ಅದಷ್ಟೇ ನಿಮ್ಮದು. ಅದಕ್ಕೆ ಮೊದಲ ದಿನದಿಂದಲೇ ಒಂದು ಚಿಕ್ಕ ಚೀಲ ಬೆನ್ನಿಗೆ ಇರಲಿ: ನೀರು, ಟಾವೆಲ್, ಒಂದು ಜೊತೆ ಒಣ ಕಾಲುಚೀಲ, ತೆಳು ಚಾದರ, ತಲೆಗೆ ಕಟ್ಟುವ ಟಾರ್ಚ್, ಔಷಧದ ಪುಟ್ಟ ಗಂಟು, ಆಧಾರ್ ಕಾರ್ಡ್, ಸ್ವಲ್ಪ ಚಿಲ್ಲರೆ ನೋಟು. ನಾಲ್ಕೈದು ಕಿಲೋ ದಾಟಬಾರದು.

ತಿನ್ನಲು ನಮ್ಮ ಮನೆಗಳಲ್ಲಿ ಮಾಡುವುದಕ್ಕಿಂತ ಒಳ್ಳೆಯದು ಪೇಟೆಯಲ್ಲಿ ಇಲ್ಲ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪುಡಿ ಇದ್ದರೆ ಮೊಸರು ಸಿಕ್ಕಲ್ಲಿ ಊಟ. ಶೇಂಗಾ ಹೋಳಿಗೆ, ಅಂಟಿನುಂಡೆ, ಅಮೀನಗಡದ ಕರದಂಟು ಕೊನೆಯ ಗುಡ್ಡಕ್ಕೆಂದು ಬೇರೆ ಕಟ್ಟಿಡಿ. ಮೊದಲ ದಿನವೇ ಎಲ್ಲ ಖಾಲಿ ಮಾಡುವ ಗೆಳೆಯ ಪ್ರತಿ ಗುಂಪಿನಲ್ಲೂ ಇರುತ್ತಾನೆ ಅಲ್ವಾ, ಆ ಗಂಟು ಅವನ ಕೈಗೆ ಕೊಡಬೇಡಿ. ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ಕಡೆಯ ಮಗಳು ಎಂದು ನಂಬಿ ಅವಳಿಗೆ ಸೀರೆ, ಅರಿಷಿಣ, ಕುಂಕುಮ ಒಯ್ಯುವ ಪದ್ಧತಿ ಬಹಳ ಮನೆಗಳಲ್ಲಿದೆ. ಆ ಗಂಟು ಗಾಡಿಯಲ್ಲಿ ಬರಲಿ, ಬೆವರು ತಾಗದಿರಲಿ.

ಮೊದಲ ಮೂರು ದಿನ

ಹೊರಟ ದಿನ ಊರೆಲ್ಲ ಬಂದು ಕಳಿಸುತ್ತದೆ, ಮೈಯಲ್ಲಿ ಹುರುಪು ತುಂಬಿರುತ್ತದೆ. ಆ ಹುರುಪಿನಲ್ಲಿ ನಲವತ್ತು ಕಿಲೋಮೀಟರ್ ಹೊಡೆಯುವ ಆಸೆಯಾಗುತ್ತದೆ. ಬೇಡ. ಮೊದಲ ಎರಡು ದಿನ ಇಪ್ಪತ್ತು, ಇಪ್ಪತ್ತೈದಕ್ಕೆ ನಿಲ್ಲಿಸಿ. ಮೂರನೇ ದಿನ ಮೈ ಪೂರ್ತಿ ನೋಯುತ್ತದೆ, ಇನ್ನು ಆಗುವುದಿಲ್ಲ ಅನ್ನಿಸುತ್ತದೆ. ಅದು ಎಲ್ಲರಿಗೂ ಆಗುವುದೇ. ಐದನೇ ದಿನದ ಹೊತ್ತಿಗೆ ಕಾಲು ತಾನೇ ಲಯ ಹಿಡಿಯುತ್ತದೆ.

ಬೆಳಿಗ್ಗೆ ಮೂರು, ಮೂರೂವರೆಗೆ ಎದ್ದು ಹೊರಡಿ. ಒಂಬತ್ತೂವರೆ ಹತ್ತಕ್ಕೆ ನೆರಳು ಸೇರಿ. ಸಂಜೆ ನಾಲ್ಕರ ತನಕ ಊಟ, ನಿದ್ದೆ. ಮತ್ತೆ ಎಂಟರ ತನಕ ನಡಿಗೆ. ಕತ್ತಲಲ್ಲಿ ನಡೆಯುವಾಗ ರಸ್ತೆಯ ಬಲಬದಿ ಹಿಡಿದು, ಎದುರಿನ ಗಾಡಿ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು. ಮುಂದಿನವನ ಮತ್ತು ಹಿಂದಿನವನ ಕೈಯಲ್ಲಿ ಟಾರ್ಚ್ ಇರಲಿ, ಎಲ್ಲರ ಬೆನ್ನಿಗೆ ಹೊಳೆಯುವ ಪಟ್ಟಿ ಇರಲಿ. ಬೆಳಗಿನ ಜಾವ ಲಾರಿ ಡ್ರೈವರ್‌ಗಳಿಗೆ ನಿದ್ದೆ ಎಳೆಯುವ ಹೊತ್ತು. ರಸ್ತೆಯ ಅಂಚಿನಲ್ಲಿ ಟಾವೆಲ್ ಹಾಸಿ ಐದು ನಿಮಿಷ ಒರಗುವುದನ್ನು ಯಾರೂ ಮಾಡಬಾರದು. ಗುಡಿ, ಶಾಲೆ, ಹೊಲದ ಕಣ, ಎಲ್ಲಾದರೂ ಸರಿ, ರಸ್ತೆಯಿಂದ ದೂರ ಮಲಗಿ.

ಪಾದ ನೋಡಿಕೊಳ್ಳುವ ಕೆಲಸ ಇಲ್ಲಿಂದಲೇ ಶುರು. ಗುಳ್ಳೆ ಏಳುವ ಮೊದಲು ಆ ಜಾಗ ಬಿಸಿಯಾಗುತ್ತದೆ, ಚುರುಗುಡುತ್ತದೆ. ಆಗಲೇ ನಿಂತು, ಬೂಟು ಬಿಚ್ಚಿ, ಬೆವರು ಒರೆಸಿ, ಔಷಧ ಅಂಗಡಿಯ ಅಂಟುಪಟ್ಟಿ ಸುತ್ತಬೇಕು. ಗೆಳೆಯರು ಕಾಯಬೇಕಾಗುತ್ತದೆ ಎಂದು ಸುಮ್ನೆ ನಡೆದರೆ ಅರ್ಧ ತಾಸಿನಲ್ಲಿ ಗುಳ್ಳೆ. ಚಿಕ್ಕ ಗುಳ್ಳೆಯನ್ನು ಒಡೆಯಬೇಡಿ. ದೊಡ್ಡದಾಗಿ ಹೆಜ್ಜೆ ಇಡಲೇ ಆಗದಿದ್ದರೆ ಸೋಪಿನಿಂದ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಬಿಡಿ, ಮೇಲಿನ ಚರ್ಮ ಕೀಳಬೇಡಿ, ಮುಲಾಮು ಹಚ್ಚಿ ಪಟ್ಟಿ ಕಟ್ಟಿ. ಸಕ್ಕರೆ ಕಾಯಿಲೆ ಇದ್ದವರು ಇದನ್ನು ತಾವೇ ಮಾಡದೆ ಆಸ್ಪತ್ರೆಗೆ ಹೋಗಬೇಕು. ತೊಡೆ ಉಜ್ಜಿ ಉರಿಯುವವರು ಬೆಳಿಗ್ಗೆಯೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿಕೊಂಡು ಹೊರಡಿ.

ದಾರಿಯುದ್ದಕ್ಕೂ ಜನ ಉಚಿತವಾಗಿ ನೋವಿನ ಮಾತ್ರೆ, ಇಂಜೆಕ್ಷನ್ ಕೊಡಿಸುತ್ತಾರೆ. ಅವರ ಮನಸ್ಸು ದೊಡ್ಡದು. ಆದರೂ ದಿನಾ ನೋವಿನ ಮಾತ್ರೆ ನುಂಗಿ ನಡೆಯಬೇಡಿ. ಮೈಯಲ್ಲಿ ನೀರು ಕಡಿಮೆಯಾದಾಗ ಈ ಮಾತ್ರೆಗಳಲ್ಲಿ ಬಹಳಷ್ಟು ಕಿಡ್ನಿಗೆ ಪೆಟ್ಟು ಕೊಡುತ್ತವೆ. ನೋವು ಮರೆಸಿ ನಡೆದರೆ ಮೊಣಕಾಲಿನ ಗಾಯವೂ ಹೆಚ್ಚುತ್ತದೆ, ಗುಡ್ಡ ಇನ್ನೂ ಮುಂದಿದೆ.

ಇಳಕಲ್‌ನಿಂದ ಕರ್ನೂಲಿಗೆ

ಹುನಗುಂದ, ಇಳಕಲ್, ಮುದಗಲ್, ಲಿಂಗಸುಗೂರು, ಸಿರವಾರ, ರಾಯಚೂರು: ಬಾಗಲಕೋಟೆ ಕಡೆಯವರಿಗೆ ಇದು ರೂಢಿಯ ದಾರಿ. ವಿಜಯಪುರದವರು ಕೃಷ್ಣೆ ದಾಟಿ ಬಂದು ಸೇರುತ್ತಾರೆ. ರಾಯಚೂರಿನಲ್ಲಿ ಅರ್ಧ ದಿನವಾದರೂ ನಿಲ್ಲಿ. ಬಟ್ಟೆ ಒಗೆಯಿರಿ, ಬೂಟು ಒಣಗಿಸಿ, ಎಲ್ಲರ ಪಾದ ಒಮ್ಮೆ ನೋಡಿ. ಯಾರಿಗಾದರೂ ಮುಂದೆ ಆಗುವುದಿಲ್ಲ ಎನಿಸಿದರೆ ವಾಪಸ್ ಹೋಗಲು ಇದೇ ಸುಲಭದ ಜಾಗ. ಅಲ್ಲಿಂದ ತೆಲಂಗಾಣದ ಐಜ, ಶಾಂತಿನಗರ, ಆಮೇಲೆ ತುಂಗಭದ್ರೆ ದಾಟಿ ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು.

ಈ ದಾರಿಯ ದಾಸೋಹಗಳನ್ನು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಊರು ಬಂತೆಂದರೆ ಮಜ್ಜಿಗೆ, ಕಲ್ಲಂಗಡಿ, ಬಾಳೆಹಣ್ಣು, ಅನ್ನ ಸಾರು. ಕೆಲವರು ಬಿಸಿನೀರು ಕಾಯಿಸಿಟ್ಟು ಯಾತ್ರಿಕರ ಕಾಲು ತೊಳೆದು ಎಣ್ಣೆ ತಿಕ್ಕುತ್ತಾರೆ. ಕರೆದಲ್ಲಿ ಹೋಗಿ, ಒಂದು ತುತ್ತಾದರೂ ತಿನ್ನಿ, ಆದರೆ ಪ್ರತಿ ಕಡೆ ಹೊಟ್ಟೆ ತುಂಬಿಸಬೇಡಿ. ಬಿಸಿಲಲ್ಲಿ ಎಣ್ಣೆ ಪದಾರ್ಥ, ಬೆಳಿಗ್ಗೆ ಮಾಡಿ ಸಂಜೆಗೆ ಉಳಿದ ಅನ್ನ ಬೇಡ. ಹೊಟ್ಟೆ ಕೆಟ್ಟರೆ ಒಂದೇ ದಿನದಲ್ಲಿ ಕಾಲಿನ ಶಕ್ತಿ ಹೋಗುತ್ತದೆ. ಉಂಡ ತಟ್ಟೆ, ಲೋಟ ಅವರು ಇಟ್ಟ ಬುಟ್ಟಿಗೇ ಹಾಕಿ. ಉಣ್ಣಿಸಿದವರ ಹೊಲದಲ್ಲಿ ನಮ್ಮ ಕಸ ಬಿದ್ದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬಾಯಾರಿದ ಮೇಲೆ ಗಟಗಟ ಕುಡಿಯುವುದಕ್ಕಿಂತ ಆಗಾಗ ನಾಲ್ಕು ಗುಟುಕು ಕುಡಿಯುವುದು ಒಳ್ಳೆಯದು. ಬರೀ ನೀರು ಸಾಲದು, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ. ಅದು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಳತೆ ತಪ್ಪಬಾರದು. ಮೂತ್ರ ಕಡು ಹಳದಿಯಾದರೆ ನೀರು ಸಾಲದು ಎಂದರ್ಥ. ಗೆಳೆಯನ ಮಾತು ತೊದಲುತ್ತಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಎಲ್ಲಿದ್ದೇನೆ ಎಂದೇ ತಿಳಿಯದಂತಿದ್ದರೆ ಅದು ಬಿಸಿಲು ಬಡಿದದ್ದು. ತಕ್ಷಣ ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಟಾವೆಲ್ಲಿನಿಂದ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಮೂರೂ ರಾಜ್ಯಗಳಲ್ಲಿ ಅದೇ ನಂಬರು. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಆತ್ಮಕೂರಿನಲ್ಲಿ

ಇಲ್ಲಿ ಪೂರ್ತಿ ಒಂದು ರಾತ್ರಿ ನಿದ್ದೆ ಮಾಡಿ. ಗಾಡಿಗೆ ದೋರ್ನಾಲ ದಾರಿ ಹೇಳಿ ಕಳಿಸಿ, ಶ್ರೀಶೈಲದಲ್ಲಿ ಎಲ್ಲಿ ಸೇರುವುದು ಎಂದು ಈಗಲೇ ಗೊತ್ತು ಮಾಡಿಕೊಳ್ಳಿ. ಕಾಡಿನೊಳಗೆ ಫೋನ್ ಸಿಗುತ್ತದೆ ಎಂದು ನಂಬಬೇಡಿ. ಮನೆಗೆ "ಎರಡು ದಿನ ಫೋನ್ ಹತ್ತುವುದಿಲ್ಲ, ಗಾಬರಿಯಾಗಬೇಡಿ" ಎಂದು ಹೇಳಿಬಿಡಿ. ಕರದಂಟಿನ ಗಂಟು ಬಿಚ್ಚಿ ಎಲ್ಲರ ಚೀಲಕ್ಕೆ ಹಂಚುವ ಹೊತ್ತು ಇದು. ಪ್ರತಿಯೊಬ್ಬರ ಹತ್ತಿರ ಕನಿಷ್ಠ ಎರಡು ಲೀಟರ್ ನೀರಿನ ಬಾಟಲಿ ಇರಬೇಕು, ಮತ್ತೆ ಮತ್ತೆ ತುಂಬಿಸುವಂಥದ್ದು. ಒಮ್ಮೆ ಕುಡಿದು ಎಸೆಯುವ ಪ್ಲಾಸ್ಟಿಕ್ ಬೇಡ.

ಈ ಕಾಡು ನಾಗಾರ್ಜುನಸಾಗರ ಶ್ರೀಶೈಲ ಹುಲಿ ಮೀಸಲು ಪ್ರದೇಶ. ಶಿವರಾತ್ರಿ ಮತ್ತು ಯುಗಾದಿಯ ಹೊತ್ತಿಗೆ ಮಾತ್ರ ಕೆಲವು ದಿನ ಅರಣ್ಯ ಇಲಾಖೆ ಯಾತ್ರಿಕರಿಗೆ ದಾರಿ ಬಿಡುತ್ತದೆ. ಆ ದಿನಾಂಕ ಊರಿಂದ ಹೊರಡುವ ಮೊದಲೇ ತಿಳಿದುಕೊಂಡಿರಿ. ಮೊದಲೇ ಹೋಗಿ ಬಾಗಿಲಲ್ಲಿ ಜಗಳಾಡಿದರೆ ಪ್ರಯೋಜನವಿಲ್ಲ.

ನಲ್ಲಮಲದ ಎರಡು ದಿನ

ವೆಂಕಟಾಪುರಂನಿಂದ ನಾಗಲೂಟಿ ತನಕ ಕಾಡಿನ ದಾರಿ ಅಷ್ಟೇನೂ ಕಷ್ಟವಲ್ಲ. ನಾಗಲೂಟಿಯಲ್ಲಿ ಹಳೆಯ ವೀರಭದ್ರನ ಗುಡಿ ಇದೆ, ನೆರಳಿದೆ. ಇಲ್ಲಿ ಕೂತು ತಿಂದು ಮುಂದೆ ಏಳಿ, ಯಾಕೆಂದರೆ ಗುಡ್ಡದ ಏರು ಇಲ್ಲಿಂದ ಶುರು. ದಾರಿಯಲ್ಲಿ ಹಳೆಯ ಕಲ್ಲಿನ ಮೆಟ್ಟಿಲುಗಳಿವೆ. ಶ್ರೀಶೈಲದ ಯಾತ್ರಿಕರಿಗಾಗಿ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೇ ಶತಮಾನದ ರೆಡ್ಡಿ ದೊರೆ ಪ್ರೋಲಯ ವೇಮನಿಗೆ ಸಲ್ಲುತ್ತದೆ. ಅದಕ್ಕೂ ಮೊದಲೇ, 12ನೇ ಶತಮಾನದಲ್ಲಿ, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಅರಸಿ ಇದೇ ಶ್ರೀಶೈಲಕ್ಕೆ ಬಂದವಳು. ಆಗ ಈ ಕಾಡು ಹೇಗಿದ್ದಿರಬೇಕು ಎಂದು ಏರು ಹತ್ತುವಾಗ ಯೋಚಿಸಿ ನೋಡಿ.

ಏರಿನಲ್ಲಿ ಹೆಜ್ಜೆ ಚಿಕ್ಕದು, ಉಸಿರು ಒಂದೇ ಸಮ. ಮಾತಾಡುತ್ತಾ ನಡೆಯಲು ಆಗುತ್ತಿದ್ದರೆ ವೇಗ ಸರಿಯಿದೆ. ಮಾತು ನಿಂತರೆ ನಿಧಾನಿಸಿ. ಮಲ್ಲಯ್ಯನ ಪದ ಹಾಡುತ್ತಾ ಹತ್ತುವ ಹಿರಿಯರನ್ನು ನೋಡಿ, ಹಾಡೇ ಅವರ ವೇಗ ಹಿಡಿದಿಡುತ್ತದೆ.

ಪೆದ್ದಚೆರುವು ಅಂದರೆ ದೊಡ್ಡ ಕೆರೆ, ಅದರ ದಂಡೆಯಲ್ಲಿ ಚೆಂಚು ಜನರ ಗೂಡೆಂ, ಅಂದರೆ ಹಾಡಿ. ಬಹಳ ಗುಂಪುಗಳು ರಾತ್ರಿ ಇಲ್ಲೇ ಉಳಿಯುತ್ತವೆ, ನೀವೂ ಉಳಿಯಿರಿ. ಕತ್ತಲಾದ ಮೇಲೆ ಕಾಡಿನಲ್ಲಿ ಮುಂದೆ ಹೋಗುವ ಸಾಹಸ ಬೇಡ, ಇಲ್ಲಿ ಕರಡಿ, ಚಿರತೆ ಇವೆ. ಚೆಂಚು ಜನರು ಈ ಕಾಡಿನ ಮೂಲದವರು. ಅವರ ಗುಡಿಸಿಲ ಒಳಗೆ ಇಣುಕುವುದು, ಕೇಳದೆ ಫೋಟೋ ತೆಗೆಯುವುದು ತಪ್ಪು. ಅವರು ಮಾರುವುದನ್ನು ಚೌಕಾಸಿ ಮಾಡದೆ ಕೊಳ್ಳಿ. ಕೆರೆಯ ನೀರನ್ನು ಹಾಗೇ ಕುಡಿಯಬೇಡಿ. ಯಾತ್ರಿಕರಿಗೆ ಇಟ್ಟ ಕುಡಿಯುವ ನೀರು ಸಿಗುತ್ತದೆ, ಅದನ್ನೇ ತುಂಬಿಸಿಕೊಳ್ಳಿ.

ಬೇಸಿಗೆಯ ಕಾಡು ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು ಸಾಕು, ಬೆಟ್ಟವೇ ಹೊತ್ತಿಕೊಳ್ಳಲು. ಒಲೆ ಹಚ್ಚಬೇಡಿ, ಕರ್ಪೂರ ಕೂಡ ಗುಡಿಯ ಕಲ್ಲಿನ ಮೇಲಲ್ಲದೆ ಬೇರೆಡೆ ಬೇಡ.

ಮರುದಿನ ಬೆಳಕು ಹರಿದ ಕೂಡಲೇ ಹೊರಡಿ. ಮಠದ ಬಾವಿ ದಾಟಿದ ಮೇಲೆ ಭೀಮನ ಕೊಳ್ಳ ಬರುತ್ತದೆ. ಇಡೀ ಯಾತ್ರೆಯ ಕಠಿಣ ಜಾಗ ಇದೇ. ಮೊದಲು ಆಳಕ್ಕೆ ಇಳಿಯಬೇಕು, ಕೆಳಗೆ ಮುಟ್ಟಿದ ಮೇಲೆ ಎದುರಿಗೆ ಕೈಲಾಸ ಬಾಗಿಲ ತನಕ ಕಡಿದಾದ ಮೆಟ್ಟಿಲು ಹತ್ತಬೇಕು. ಇಳಿಯುವಾಗ ಮೆಟ್ಟಿಲಿಗೆ ಅಡ್ಡಡ್ಡ ಪಾದ ಇಟ್ಟು, ಕೋಲನ್ನು ಮೊದಲು ಕೆಳಗೂರಿ ಇಳಿಯಿರಿ. ಜನ ಒತ್ತಿಕೊಂಡು ಬರುತ್ತಿದ್ದರೆ ಬದಿಗೆ ಸರಿದು ದಾರಿ ಬಿಡಿ. ಕೊಳ್ಳದ ತಳದಲ್ಲಿ ಕಾಲು ಗಂಟೆ ಕೂತು ನೀರು ಕುಡಿದು, ಅಂಟಿನುಂಡೆ ತಿಂದು ಏಳಿ. ಹತ್ತುವಾಗ ಇಪ್ಪತ್ತು ಮೂವತ್ತು ಮೆಟ್ಟಿಲಿಗೆ ಒಮ್ಮೆ ನಿಂತು ಉಸಿರು ತಗೊಳ್ಳಿ, ಕೂತುಬಿಡಬೇಡಿ. ಎದೆ ಬಿಗಿದರೆ, ಕಣ್ಣು ಕತ್ತಲಾದರೆ ಮಾತ್ರ ತಕ್ಷಣ ಕೂತು ಜೊತೆಗಾರರನ್ನು ಕರೆಯಿರಿ. ಇಲ್ಲಿ ಕಂಬಿ ಹೊತ್ತವರು, ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಎಪ್ಪತ್ತು ದಾಟಿದ ಅಜ್ಜಿಯರು ಕಾಣುತ್ತಾರೆ. "ಆಯಿ, ಕೈ ಕೊಡ್ರಿ" ಎಂದು ಒಂದು ಕೈ ಚಾಚಿ. ಈ ದಾರಿಯಲ್ಲಿ ಗೆಳೆಯರ ಗುಂಪು ಅಂದರೆ ಊರಿಂದ ಜೊತೆಗೆ ಬಂದವರಷ್ಟೇ ಅಲ್ಲ.

ಶ್ರೀಶೈಲ ಮುಟ್ಟಿದ ಮೇಲೆ

ಕೈಲಾಸ ಬಾಗಿಲಿನಿಂದ ಹಾಟಕೇಶ್ವರ, ಅಲ್ಲಿಂದ ಊರು. ದಾರಿ ಸಲೀಸು. ಯುಗಾದಿಯ ಜನಜಂಗುಳಿಯಲ್ಲಿ ದರ್ಶನಕ್ಕೆ ತಾಸುಗಟ್ಟಲೆ ನಿಲ್ಲಬೇಕಾಗುತ್ತದೆ, ಹಾಗಾಗಿ ಬಂದ ಕೂಡಲೇ ಸಾಲಿಗೆ ಓಡಬೇಡಿ. ಮೊದಲು ಊಟ, ಕಾಲು ಮೇಲೆತ್ತಿ ಎರಡು ತಾಸು ನಿದ್ದೆ. ಪಾತಾಳಗಂಗೆಗೆ ಸ್ನಾನಕ್ಕೆ ಹೋಗುವವರಿಗೆ ನೂರಾರು ಮೆಟ್ಟಿಲು ಇಳಿದು ಹತ್ತುವುದಿದೆ. ಮೊಣಕಾಲು ನೋಯುತ್ತಿದ್ದರೆ ರೋಪ್‌ವೇ ಇದೆ, ಸಂಕೋಚವಿಲ್ಲದೆ ಬಳಸಿ.

ವಾಪಸ್ ಬರಲು ಯುಗಾದಿ ಹೊತ್ತಿಗೆ ನಮ್ಮ ಸಾರಿಗೆ ಸಂಸ್ಥೆಯ ವಿಶೇಷ ಬಸ್ಸುಗಳು ಇರುತ್ತವೆ. ಸೀಟು ಮೊದಲೇ ಕಾಯ್ದಿರಿಸಿ. ರಾತ್ರಿಯಿಡೀ ಕಾಲು ಇಳಿಬಿಟ್ಟು ಕೂತರೆ ಪಾದ ಮತ್ತಷ್ಟು ಊದುತ್ತದೆ, ಬಸ್ ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಓಡಾಡಿ. ಮನೆಗೆ ಬಂದ ಮೇಲೆ ಒಂದು ವಾರ ಭಾರದ ಕೆಲಸ ಬೇಡ. ಒಂದೇ ಕಾಲಿನ ಮೀನಖಂಡ ಊದಿ, ಕೆಂಪಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದನ್ನು ನಡಿಗೆಯ ನೋವು ಎಂದುಕೊಂಡು ಎಣ್ಣೆ ತಿಕ್ಕಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ.